ಸಣ್ಣ ಡಾಕ್ಟರ ಬಾಯಿಂದ ಬಿದ್ದ ಮಾತು

ಆ ಬೀದಿಯ ದವಾಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಕಾಂಪೌಂಡರ್ ಆಗಿದ್ದವನಿಗೆ ಜನ ಇಟ್ಟ ಹೆಸರು ಸಣ್ಣ ಡಾಕ್ಟರು. ಒಳಕೋಣೆಯಲ್ಲಿ ದೊಡ್ಡ ಡಾಕ್ಟರು ನಾಡಿ ಹಿಡಿದು, ಚೀಟಿ ಬರೆದು ಕಳಿಸುತ್ತಿದ್ದರು. ಜನ ಆ ಚೀಟಿಯನ್ನು ಹೊರಗಿನ ಔಷಧಿ ಕಿಟಕಿಗೆ ತಂದು, "ಅವರು ಹೀಗಂದ್ರು. ನೀವೇನಂತೀರಿ?" ಎಂದು ಕೇಳುತ್ತಿದ್ದರು. ಇವನು ಹೂಂ ಅಂದ ಮೇಲೇ ಮಾತ್ರೆ ಗಂಟಲಲ್ಲಿ ಇಳಿಯುತ್ತಿದ್ದುದು. ಮಗಳನ್ನು ಯಾವ ಶಾಲೆಗೆ ಹಾಕಬೇಕು, ಬಾಡಿಗೆಗೆ ನೋಡಿದ ಮನೆಯ ಗೋಡೆ ತೇವ ಹಿಡಿಯುತ್ತದೋ ಇಲ್ಲವೋ, ಅದಕ್ಕೂ ಇವನ ಅಭಿಪ್ರಾಯವೇ ಬೇಕು.

ಮನೆಯಲ್ಲಿ ಮಾತ್ರ ಅವನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಫ್ಯಾನು ಸಣ್ಣಗೆ ಮಾಡು ಎಂದರೆ ಮಗಳು ಜೋರು ಮಾಡುತ್ತಿದ್ದಳು. ಹೀಗಾಗಿ ತನ್ನ ಬಾಯಿಗೆ ಅಷ್ಟು ಬಲವಿದೆ ಎಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ದರ್ಜಿಯ ಹೆಂಡತಿ, ಹೊಟ್ಟೆನೋವಿನ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. "ಇವನು ಏನೂ ತಿಂತಿಲ್ಲ. ಮೂಲೆ ಬೇಕರಿ ಬನ್ನು ಕೊಡ್ಲಾ?"

ಸೀಸೆಗೆ ಔಷಧಿ ಸುರಿಯುತ್ತಿದ್ದ ಅವನು, ಅಳತೆಯ ಗೆರೆಯಿಂದ ಕಣ್ಣು ತೆಗೆಯದೆ, "ಆ ಬೇಕರಿ ಬನ್ನು ನಾನಂತೂ ಬಿಟ್ಟೇ ಬಿಟ್ಟೆ" ಎಂದ.

ಹಿಂದಿನ ವಾರವಷ್ಟೇ ಅವನ ರಕ್ತದಲ್ಲಿ ಸಕ್ಕರೆ ಏರಿದ್ದು ಕಂಡು, ದೊಡ್ಡ ಡಾಕ್ಟರು ಅವನ ದಿನದ ಸಿಹಿ ಬನ್ನಿಗೆ ಕತ್ತರಿ ಹಾಕಿದ್ದರು. ಆ ಸಂಕಟ ಬಾಯಿಗೆ ಬಂತು, ಅಷ್ಟೆ. ಕಾರಣ ಹೇಳುವಷ್ಟರಲ್ಲಿ ಮುಂದಿನವರು ಚೀಟಿ ಚಾಚಿದರು. ದರ್ಜಿಯ ಹೆಂಡತಿ ಮಗುವಿನ ಹೊಟ್ಟೆ ನೋಡಿದಳು, ಅವನ ಮುಖ ನೋಡಿದಳು, ತನಗೆ ತೋಚಿದ ಅರ್ಥ ಕಟ್ಟಿಕೊಂಡು ಹೊರಟಳು.

ಮೂರು ವಾರ ಕಳೆದವು. ಒಂದು ಸಂಜೆ ಅವನು ಬೇಕರಿಯ ಮುಂದೆ ಹಾದುಹೋಗುತ್ತಿದ್ದ. ಕಾಲಿಡಲು ಜಾಗವಿಲ್ಲದಿರಬೇಕಾದ ಹೊತ್ತಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ತಟ್ಟೆಗಳಲ್ಲಿ ಬನ್ನುಗಳು ಜೋಡಿಸಿದ ಹಾಗೇ ಇವೆ. ಬೇಕರಿಯಾಕೆ ಕೆನ್ನೆಗೆ ಕೈ ಕೊಟ್ಟು ಕೂತಿದ್ದಾಳೆ.

"ಏನಮ್ಮ, ಅಂಗಡಿ ಭಣಭಣ ಅಂತಿದೆ?"

"ನಮ್ಮ ಬನ್ನು ತಿಂದ್ರೆ ಮಕ್ಕಳಿಗೆ ಹೊಟ್ಟೆ ಕೆಡುತ್ತಂತೆ. ಯಾರು ಹೇಳಿದ್ದು ಅಂತ ಕೇಳಿದ್ರೆ, ತಿಳಿದೋರು ಹೇಳಿದ್ರು ಅಂತಾರೆ."

ಕಿಟಕಿಯಲ್ಲಿ ತಾನಂದಿದ್ದ ಮಾತು ಅವನಿಗೆ ನೆನಪಾಯಿತು. ಏನೋ ಗೊಣಗಿ ಮನೆ ಸೇರಿದ. ಬಟ್ಟೆ ಮಡಚುತ್ತಿದ್ದ ಹೆಂಡತಿಯ ಮುಂದೆ ಎಲ್ಲ ಒಪ್ಪಿಸಿ, "ನಾಳೆಯಿಂದ ಕಿಟಕೀಲಿ ಬಂದೋರಿಗೆಲ್ಲ ಆ ಬನ್ನು ಒಳ್ಳೇದು ಅಂತ ಹೇಳ್ತೀನಿ. ಯಾರಿಗೂ ಗೊತ್ತಾಗದ ಹಾಗೆ ಸರಿಹೋಗುತ್ತೆ" ಎಂದ.

"ಯಾರಿಗೂ ಗೊತ್ತಾಗದ ಹಾಗೇ ಅಲ್ವಾ ಕೆಟ್ಟಿದ್ದು?" ಎಂದಳು ಅವಳು. "ಮೊದಲು ಆಕೆ ಹತ್ರ ಹೋಗಿ ಹೇಳಿ. ಊರಿಗೆ ಆಮೇಲೆ ಹೇಳುವಿರಂತೆ."

ಮರುದಿನ ಅವನು ಬೆಳಿಗ್ಗೆ ದವಾಖಾನೆಗೂ ಮುಂಚೆ ಬೇಕರಿಗೆ ಹೋಗಿ, ಹಿಟ್ಟು ನಾದುತ್ತಿದ್ದವಳ ಮುಂದೆ ನಿಂತು, ಒಂದಕ್ಷರವೂ ಮುಚ್ಚಿಡದೆ ಹೇಳಿದ.

ಅವಳ ಕೈ ಹಿಟ್ಟಿನಲ್ಲೇ ನಿಂತಿತು. "ಬೇರೆ ಯಾರಾದ್ರೂ ಅಂದಿದ್ರೆ ಬೀದೀಲಿ ನಿಂತು ಜಗಳ ಆಡ್ತಿದ್ದೆ. ಹಿಟ್ಟಿನ ಅಂಗಡಿ ಬದಲಾಯಿಸಿದೆ. ಒಲೇನ ಎರಡು ಸಲ ಕೆರೆಸಿದೆ. ನನ್ನ ಕೈಗುಣಾನೇ ಕೆಟ್ಟಿತು ಅಂದ್ಕೊಂಡಿದ್ದೆ." ಕಣ್ಣು ತುಂಬಿತು. "ಹಾಗಾದ್ರೆ ನನ್ನ ಬನ್ನಲ್ಲಿ ಏನೂ ಇಲ್ವಾ?"

"ಸಕ್ಕರೆ ಬಿಟ್ರೆ ಏನೂ ಇಲ್ಲ ತಾಯಿ."

ಅವಳು ಅಳುತ್ತಲೇ ನಕ್ಕುಬಿಟ್ಟಳು. ಹಿಟ್ಟಿನ ಕೈಯನ್ನು ಅವನ ಕಡೆ ಚಾಚಿ, "ನಡೀರಿ, ಈಗ ಹೇಳಿ ಊರಿಗೆ" ಎಂದು ಗದರಿದಳು.

ಅಂದಿನಿಂದ ಅವನು ಕಿಟಕಿಗೆ ಬಂದವರಿಗೆಲ್ಲ ಆ ಬನ್ನಿನಲ್ಲಿ ಯಾವ ದೋಷವೂ ಇಲ್ಲ ಎಂದು ಹೇಳತೊಡಗಿದ. ಆದರೆ ಕೆಡಿಸಲು ಸಾಕಾಗಿದ್ದ ಬಾಯಿ, ಕೆಟ್ಟಿದ್ದನ್ನು ಸರಿಮಾಡಲು ಸಾಲಲಿಲ್ಲ. "ಪಾಪ, ಆಕೆ ಬೇಡಿಕೊಂಡಿರ್ಬೇಕು, ಅದಕ್ಕೇ ಹೀಗೆ ಹೇಳ್ತಿದ್ದಾರೆ" ಎಂದಳು ದರ್ಜಿಯ ಹೆಂಡತಿ. ತನ್ನ ಕಾಯಿಲೆಯನ್ನು ನೆಂಟರಿಗೂ ಹೇಳದೆ ಬಚ್ಚಿಟ್ಟಿದ್ದ ಅವನು, ಕೊನೆಗೆ ತನ್ನ ರಕ್ತಪರೀಕ್ಷೆಯ ಚೀಟಿಯನ್ನೇ ತಂದು ಕಿಟಕಿಯ ಗಾಜಿಗೆ ಅಂಟಿಸಿದ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದ: ಬನ್ನು ಬಿಟ್ಟಿದ್ದು ಇದಕ್ಕೆ. ತಪ್ಪು ನನ್ನದು, ಬೇಕರಿಯದಲ್ಲ.

ಅದನ್ನು ಓದಲು ಮುಗಿಬಿದ್ದವರ ಗದ್ದಲ ಕೇಳಿ ದೊಡ್ಡ ಡಾಕ್ಟರು ಹೊರಗೆ ಬಂದರು. ಕನ್ನಡಕ ಏರಿಸಿ ಚೀಟಿ ಓದಿದರು. "ಇಷ್ಟು ವರ್ಷ ನನ್ನ ಚೀಟಿಗೆಲ್ಲ ಇವರ ಒಪ್ಪಿಗೆ ಕೇಳಿದ್ರಿ. ಇವತ್ತು ಇವರ ಚೀಟಿಗೆ ನನ್ನ ರುಜು" ಎಂದು ಜೇಬಿನಿಂದ ಪೆನ್ನು ತೆಗೆದು ಗೀಚಿದರು. ಕಾಯುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವೇ ಬೀದಿಯ ತುಂಬ ಸುದ್ದಿ ಹೊತ್ತೊಯ್ದಿತು.

ಆದರೂ ಎಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮೊದಲು ಇಬ್ಬರು ಬಂದರಂತೆ, ಆಮೇಲೆ ಐದಾರು ಜನ. ಎರಡು ವಾರ ಕಳೆದ ಮೇಲೆ ಒಂದು ಸಂಜೆ ಅವನು ಅದೇ ದಾರಿಯಲ್ಲಿ ಬಂದಾಗ ಬೇಕರಿಯ ಮುಂದೆ ಸಾಲು ನಿಂತಿತ್ತು. ದರ್ಜಿಯ ಹೆಂಡತಿಯೂ ಅದರಲ್ಲಿದ್ದಳು. ಬೇಕರಿಯಾಕೆಗೆ ಇವನ ಕಡೆ ಕತ್ತೆತ್ತಿ ನೋಡಲೂ ಪುರುಸೊತ್ತಿರಲಿಲ್ಲ. ಅದನ್ನು ಕಂಡು ಅವನು ಎದುರಿನ ಕಟ್ಟೆಯ ಮೇಲೆ ಕೂತು, ಉಸ್ಸಪ್ಪಾ ಎಂದು ಉಸಿರು ಬಿಟ್ಟ. ಎಷ್ಟೋ ದಿನದ ಮೇಲೆ ಅವನಿಗೆ ಚೆನ್ನಾಗಿ ಹಸಿವಾಗಿತ್ತು.