ಮಾತ್ರೆಯ ಹಸಿವು

ಎರಡನೆಯ ಹೆರಿಗೆಯಾದ ಮೇಲೆ ನನಗೆ ತಲೆ ಕೆಟ್ಟಿತು. ಎಪ್ಪತ್ತರ ದಶಕದ ನಡುವಿನ ಮಾತು. ಕುಣಿಗಲ್‌ನ ತವರುಮನೆಯಲ್ಲಿ ಬಾಣಂತನಕ್ಕೆ ಇದ್ದೆ. ಪಕ್ಕದಲ್ಲಿ ಮಲಗಿದ್ದ ಹೆಣ್ಣುಮಗು ನನ್ನದಲ್ಲ, ಆಸ್ಪತ್ರೆಯಲ್ಲಿ ಯಾರೋ ಬದಲಾಯಿಸಿದ್ದಾರೆ ಎಂದು ಹಟ ಹಿಡಿದು, ಹಾಲು ಕೊಡದೆ ಕೂತಿದ್ದೆನಂತೆ. ನನಗೆ ನೆನಪಿರುವುದು ಗಾಳಿ ಬರದ ಹಾಗೆ ಕಿಟಕಿಗೆ ಕಟ್ಟಿದ್ದ ಕಂಬಳಿ ಮತ್ತು ಹಾಲು ಕಟ್ಟಿಕೊಂಡು ಕಲ್ಲಿನಂತಾದ ಎದೆಯ ನೋವು ಮಾತ್ರ. ಬಾಣಂತಿ ಸನ್ನಿ ಎಂದರು. ಅಮ್ಮ ತಾಯತ ಕಟ್ಟಿಸಿದಳು. ಅದರಿಂದ ಏನೂ ಆಗದಿದ್ದಾಗ ಅಣ್ಣ ನನ್ನನ್ನು ಬಸ್ಸು ಹತ್ತಿಸಿ ಬೆಂಗಳೂರಿನ ಮನೋವೈದ್ಯರೊಬ್ಬರ ಹತ್ತಿರ ಕರೆದುಕೊಂಡು ಹೋದ. ಅವರು ಕೊಟ್ಟ ಮಾತ್ರೆ ತಿಂದು ಕೆಲವು ವಾರಗಳಾಗುವಷ್ಟರಲ್ಲಿ ಮಗು ನನ್ನದೇ ಎಂದು ಗೊತ್ತಾಯಿತು. ಮಾತ್ರೆ ನಿಲ್ಲಿಸಬಾರದು, ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ ಎಂದು ಡಾಕ್ಟರು ಅಣ್ಣನನ್ನೂ ನನ್ನನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಹೇಳಿದರು.

ಆ ಮಾತ್ರೆ ಹಸಿವನ್ನೂ ತಂದಿತು. ಉಂಡು ಕೈತೊಳೆದು ಬರುವಷ್ಟರಲ್ಲಿ ಬೆಳಗಿನಿಂದ ಏನೂ ತಿಂದಿಲ್ಲವೇನೋ ಅನ್ನಿಸುತ್ತಿತ್ತು. ಮಗುವನ್ನು ಎತ್ತಿಕೊಂಡು ತುಮಕೂರಿನ ಗಂಡನ ಮನೆಗೆ ಮರಳಿದ ಮೇಲೆ ಅದು ಎಲ್ಲರ ಕಣ್ಣಿಗೂ ಬಿತ್ತು. ಅತ್ತೆಗೆ ಮೊದಲು ತಮಾಷೆಯಾಗಿತ್ತು, ಆಮೇಲೆ ಸಿಟ್ಟಾಯಿತು. ಮೈ ಊದಿಕೊಂಡಿತು. ಮದುವೆಯ ರವಿಕೆಗಳು ಒಂದೂ ತೋಳಿಗೆ ಏರಲಿಲ್ಲ. ತಿಂಡಿ ಇಡುವ ಬೀರುವಿಗೆ ಅತ್ತೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಅದನ್ನು ನೋಡಿಯೂ ನೋಡದವರ ಹಾಗೆ ಪೇಪರು ಓದುತ್ತಿದ್ದರು. ಅವರ ಜೊತೆ ರಸ್ತೆಯಲ್ಲಿ ನಡೆಯುವಾಗ ಅವರು ನನಗಿಂತ ಮುಂದೆ ಹೋಗಿಬಿಡುತ್ತಿದ್ದರು. ಮೊದಲು ಹಾಗಿರಲಿಲ್ಲ.

ನಾನು ಗುಬ್ಬಿಯ ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆಗ ಶಾಲೆಯಲ್ಲಿ ಮಕ್ಕಳಿಗೆ ಗೋಧಿನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ಮಕ್ಕಳೆಲ್ಲ ತಿಂದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ತಿನ್ನುತ್ತಿದ್ದೆ. ಮನೆಯಲ್ಲಿ ಅರೆಹೊಟ್ಟೆ, ಶಾಲೆಯಲ್ಲಿ ಸಿಕ್ಕಿದಷ್ಟು. ಹೀಗೇ ವರ್ಷಗಳು ಹೋದವು. ಎಂಬತ್ತರ ದಶಕ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಉರಿ ಶುರುವಾಯಿತು. ಒಂದು ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕಾಫಿಪುಡಿಯ ಬಣ್ಣದ ವಾಂತಿಯಾಗಿ ಕುಸಿದುಬಿದ್ದೆ. ಹುಣ್ಣಾಗಿ ರಕ್ತ ಸೋರುತ್ತಿದೆ, ಹೊಟ್ಟೆಯ ಒಂದು ಭಾಗ ಕೊಯ್ದು ತೆಗೆಯಬೇಕು ಎಂದರು ತುಮಕೂರಿನ ಸರ್ಜನ್.

ಆಪರೇಷನ್ನಿಗೆ ಮುಂಚೆ ಅವರು, ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, "ಏನೂ ಇಲ್ಲ ಸಾರ್, ತಲೆನೋವಿಗೆ ಯಾವಾಗಾದ್ರೂ ಒಂದು ತಗೋತಾಳೆ ಅಷ್ಟೆ" ಎಂದರು. ವಾರ್ಡಿನಲ್ಲಿ ಅವರ ಆಫೀಸಿನವರಿಬ್ಬರು ನಿಂತಿದ್ದರು. ಹೆಂಡತಿಗೆ ಹುಚ್ಚಿನ ಔಷಧಿ ನಡೆಯುತ್ತಿದೆ ಎಂದು ಅವರಿಗೆ ಗೊತ್ತಾಗುವುದಕ್ಕಿಂತ ಸರ್ಜನ್‌ಗೆ ಗೊತ್ತಾಗದಿರುವುದೇ ವಾಸಿ ಎಂದು ನನ್ನ ಗಂಡನಿಗೆ ಅನ್ನಿಸಿರಬೇಕು. ಅದನ್ನು ಅಲ್ಲಗಳೆಯುವಷ್ಟು ಶಕ್ತಿ ಆಗ ನನಗಿರಲಿಲ್ಲ.

ಆಪರೇಷನ್ ಆಯಿತು. ಎರಡು ತುತ್ತಿಗೇ ಹೊಟ್ಟೆ ತುಂಬಿ ಬಿಗಿಯುತ್ತಿತ್ತು. ಮೂರನೆಯದು ನುಂಗಿದರೆ ಮೈ ಬೆವರಿ, ಎದೆ ಹೊಡೆದುಕೊಂಡು, ಕಣ್ಣು ಕತ್ತಲೆ ಬರುತ್ತಿತ್ತು. ಮಾತ್ರೆ ನುಂಗಿದರೆ ಅರ್ಧ ಗಂಟೆಯಲ್ಲಿ ಅದು ಹಾಗೇ ವಾಂತಿಯಲ್ಲಿ ಬರುತ್ತಿತ್ತು. ಬೆಂಗಳೂರಿಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬರೋಣ ಎಂದರೆ ನನ್ನ ಗಂಡ, "ಈ ಮಾತ್ರೆಯಿಂದಾನೇ ನೀನು ದಪ್ಪ ಆಗಿದ್ದು, ಹೊಟ್ಟೆ ಹುಣ್ಣಾಗಿದ್ದೂ ಇದರಿಂದಾನೇ. ಬಿಟ್ಬಿಡು" ಎಂದು ಉಳಿದಿದ್ದ ಮಾತ್ರೆಗಳನ್ನು ಬಚ್ಚಲಿಗೆ ಸುರಿದರು.

ನಾನು ಸಣ್ಣಗಾಗತೊಡಗಿದೆ. ಕೆನ್ನೆ ಇಳಿಯಿತು, ಸೊಂಟ ಕಾಣಿಸಿಕೊಂಡಿತು. ನನ್ನ ಬಾಳಿನಲ್ಲಿ ಅಷ್ಟು ಹೊಗಳಿಕೆ ನಾನು ಯಾವತ್ತೂ ಕೇಳಿರಲಿಲ್ಲ. ಅತ್ತೆ ತಾವೇ ನನ್ನ ರವಿಕೆಗಳಿಗೆ ಹೊಲಿಗೆ ಹಾಕಿ ಕಿರಿದು ಮಾಡಿದರು. ಬೀರುವಿನ ಬೀಗ ತೆಗೆದರು. ಅದರಲ್ಲಿದ್ದ ಚಕ್ಕುಲಿ ಈಗ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನನ್ನ ಗಂಡ ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿದರು. ಕೂಳಿಲ್ಲದೆ ಸಾಯುತ್ತಿರುವವಳನ್ನು ಇವರೆಲ್ಲ ವಾಸಿಯಾದಳು ಅಂದುಕೊಂಡಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು. ಆದರೂ ಹೊಗಳಿಕೆ ಹಿತವಾಗಿತ್ತು. ಅದನ್ನೂ ಹೇಳಬೇಕು.

ಆ ಫೋಟೋ ತೆಗೆಸುವ ಹೊತ್ತಿಗೇ ನಿದ್ದೆ ಹೋಗಿತ್ತು, ಕಿವಿಯಲ್ಲಿ ದನಿಗಳು ಕೇಳತೊಡಗಿದ್ದವು. ಆಮೇಲೆ ಬಸ್ಸಿನಲ್ಲಿ ಹಿಂದಿನ ಸೀಟಿನವರು ನನ್ನ ವಿಷಯವನ್ನೇ ಮಾತಾಡುತ್ತಿದ್ದಾರೆ ಅನ್ನಿಸತೊಡಗಿತು. ಆ ವರ್ಷ ಕುಣಿಗಲ್‌ನಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ನನ್ನ ಗಂಡ ನನ್ನನ್ನು ಮುಂದಿಟ್ಟುಕೊಂಡು ಎಲ್ಲರಿಗೂ ತೋರಿಸುವ ಹಾಗೆ ಓಡಾಡಿದರು. ಹುಡುಗಿ ಥರ ಆಗಿದೀಯ ಎಂದು ಹೆಂಗಸರು ಗಲ್ಲ ಮುಟ್ಟಿದರು. ಪಂಕ್ತಿಯಲ್ಲಿ ಕೂರಿಸಿ ಎಲೆಗೆ ಬಡಿಸಿದರು. ಹೋಳಿಗೆಯ ಮೇಲೆ ತುಪ್ಪ ಹಾಕಿದವನು ನನ್ನ ಕಡೆ ನೋಡಿ ನಕ್ಕ. ಅದರಲ್ಲಿ ವಿಷ ಬೆರೆಸಿದ್ದಾನೆ ಎಂದು ನನಗೆ ಖಚಿತವಾಯಿತು. ನನ್ನ ಮಗಳು ಪಕ್ಕದ ಎಲೆಯಲ್ಲಿ ಕೂತು ಅದನ್ನೇ ತಿನ್ನುತ್ತಿದ್ದಳು. ನಾನು ಅವಳ ಬಾಯಿಗೆ ಕೈಹಾಕಿ ತುತ್ತು ಕಿತ್ತೆ. ಅವಳ ತುಟಿ ಹರಿದು ರಕ್ತ ಬಂತು. ಪಂಕ್ತಿಯೆಲ್ಲ ಎದ್ದು ನಿಂತಿತು. ನಾನು ಮಗುವಿನ ಬಾಯಿ ತೊಳೆಯಬೇಕೆಂದು ಅವಳನ್ನು ಎಳೆದುಕೊಂಡು ದೊಡ್ಡಕೆರೆಯ ಕಡೆ ಓಡುತ್ತಿದ್ದೆನಂತೆ. ಏರಿಯ ಹತ್ತಿರ ಅಣ್ಣ ಬಂದು ಹಿಡಿದುಕೊಂಡ. ನನ್ನ ಗಂಡ ಮದುವೆಮನೆಯಲ್ಲೇ ಉಳಿದು ನೆಂಟರಿಗೆ ಸಮಾಧಾನ ಹೇಳುತ್ತಿದ್ದರು.

ಬೆಂಗಳೂರಿನ ಡಾಕ್ಟರು ನನ್ನನ್ನು ನೋಡಿ ಮೊದಲು ಗುರುತು ಹಿಡಿಯಲಿಲ್ಲ. ಹೊಟ್ಟೆಯ ಮೇಲಿನ ಆಪರೇಷನ್ನಿನ ಗೆರೆ ನೋಡಿ, ಮಾತ್ರೆ ಬಿಟ್ಟಿದ್ದೇನೆಂದು ತಿಳಿದ ಮೇಲೆ ಅಣ್ಣನನ್ನು ಬೈದರು. ಪಾಪ, ಅವನಿಗೆ ಮಾತ್ರೆ ನಿಂತಿದ್ದೇ ಗೊತ್ತಿರಲಿಲ್ಲ. ಮಾತ್ರೆಯ ಬದಲು ಇಂಜೆಕ್ಷನ್ ಶುರುಮಾಡಿದರು, ಜೊತೆಗೆ ಕುಡಿಯುವ ಔಷಧಿ. ಒಂದೇ ಸಲಕ್ಕೆ ಉಣ್ಣಬಾರದು, ಸ್ವಲ್ಪ ಸ್ವಲ್ಪವೇ, ದಿನವಿಡೀ ತಿನ್ನುತ್ತಿರಬೇಕು, ಸಿಹಿ ಮುಟ್ಟಬಾರದು, ಊಟದ ಜೊತೆ ನೀರು ಕುಡಿಯಬಾರದು ಎಂದರು. ತಲೆ ಮತ್ತೆ ತಿಳಿಯಾಯಿತು. ಅದರ ಹಿಂದೆಯೇ ಹಸಿವೂ ವಾಪಸು ಬಂತು. ಈಗ ಅದಕ್ಕೆ ಜಾಗವಿರಲಿಲ್ಲ. ಎರಡು ತುತ್ತಿಗೆ ಹೊಟ್ಟೆ ಸಾಕು ಅನ್ನುತ್ತಿತ್ತು, ತಲೆ ಬೇಕು ಅನ್ನುತ್ತಿತ್ತು. ಹಸಿದುಕೊಂಡೇ ಬೆವರುತ್ತಾ, ತಿಂದದ್ದು ಇಳಿಯಲಿ ಎಂದು ಗೋಡೆಗೆ ಒರಗಿ ಕಾಯುವ ಆ ಹೊತ್ತನ್ನು ನನಗೆ ಯಾರಿಗೂ ಸರಿಯಾಗಿ ವಿವರಿಸಲಾಗಿಲ್ಲ. ಡಾಕ್ಟರಿಗೆ ಹೇಳಿದಾಗ, "ಅದೊಂದು ಸಹಿಸ್ಕೋಬೇಕಮ್ಮ, ಬೇರೆ ದಾರಿ ಇಲ್ಲ" ಎಂದರು. ಒಳ್ಳೆಯವರು. ಅವರ ಹತ್ತಿರ ಬೇರೆ ದಾರಿ ನಿಜವಾಗಿಯೂ ಇರಲಿಲ್ಲ.

ತುಮಕೂರಿನ ಮನೆಯಲ್ಲಿ ದಿನವಿಡೀ ತಿನ್ನುತ್ತಿರುವುದು ನಡೆಯುವಂತಿರಲಿಲ್ಲ. ಮಗುವನ್ನು ಕೆರೆಗೆ ತಳ್ಳಲು ಹೋದವಳು ಎಂದು ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿದ್ದರು. ಮಕ್ಕಳಿಬ್ಬರನ್ನೂ ತಮ್ಮ ಹತ್ತಿರವೇ ಇಟ್ಟುಕೊಂಡರು. ನಾನು ಗುಬ್ಬಿಯಲ್ಲಿ ಶಾಲೆಗೆ ಹತ್ತಿರವಾಗಿ ಒಂದು ರೂಮು ಹಿಡಿದೆ. ರಾಗಿ ಅಂಬಲಿಯ ಡಬ್ಬಿ ಮೇಜಿನ ಮೇಲಿಟ್ಟುಕೊಂಡು ಪಾಠ ಮಾಡುತ್ತಿದ್ದೆ. ಮಕ್ಕಳ ಎದುರು ತಿನ್ನುವುದು ಶಿಸ್ತಲ್ಲ ಎಂದು ಹೆಡ್‌ಮಾಸ್ಟರು ಆಕ್ಷೇಪಿಸಿದರು. ಸೆರಗು ಸರಿಸಿ ಗಾಯದ ಗೆರೆ ತೋರಿಸಲೇ ಎಂದು ಕೇಳಿದೆ. ಆಮೇಲೆ ಅವರು ನನ್ನ ತರಗತಿಯ ಕಡೆ ಬರುವುದನ್ನೇ ನಿಲ್ಲಿಸಿದರು.

ನಿಧಾನವಾಗಿ ಮೈ ಸ್ವಲ್ಪ ತುಂಬಿತು. ನನ್ನ ಗಂಡ ಮೊದಮೊದಲು ಭಾನುವಾರಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ಒಂದು ಭಾನುವಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ಫೋಟೋದಲ್ಲಿ ಎಷ್ಟು ಚೆನ್ನಾಗಿದ್ದೆ" ಎಂದರು. ಆ ಫೋಟೋದಲ್ಲಿದ್ದವಳಿಗೆ ನಿದ್ದೆಯಿರಲಿಲ್ಲ, ಊಟವಿರಲಿಲ್ಲ, ಕಿವಿಯಲ್ಲಿ ದನಿಗಳು ಶುರುವಾಗಿದ್ದವು. ಹಾಗೆಂದು ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ ಅವರು ಬರಲಿಲ್ಲ, ಮಕ್ಕಳನ್ನು ಅಣ್ಣ ಕರೆತರುತ್ತಿದ್ದ.

ಮಗಳು ದೊಡ್ಡವಳಾಗುತ್ತಿದ್ದಳು. ಒಂದು ರಜೆಯಲ್ಲಿ ನನ್ನ ಜೊತೆ ಉಳಿದಾಗ, ನಾನು ತಟ್ಟೆಯಲ್ಲಿ ಇಡ್ಲಿ ಚೂರು ಮಾಡುತ್ತಿರುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತುಂಬ ಮೆಲ್ಲಗೆ, ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು: "ಅಮ್ಮ, ನೀನು ಆ ಇಂಜೆಕ್ಷನ್ ಬಿಟ್ಟು ಮತ್ತೆ ತೆಳ್ಳಗಾದ್ರೆ ಮನೆಗೆ ಕರ್ಕೊಂಡು ಬರೋಣ ಅಂತ ಅಜ್ಜಿ ಹೇಳ್ತಿದ್ರು."

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳಿಗೂ ಒಂದು ಇಡ್ಲಿ ಹಾಕಿದೆ. ಮರುದಿನ ಇಂಜೆಕ್ಷನ್ನಿನ ದಿನವಾಗಿತ್ತು, ಅವಳನ್ನೂ ಕರೆದುಕೊಂಡೇ ಆಸ್ಪತ್ರೆಗೆ ಹೋದೆ. ಸೂಜಿ ಚುಚ್ಚುವಾಗ ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.