ಶಾಹೀನಳ ಮಾಟಗಾತಿಯೂ ನನ್ನ ಪಂಕ್ತಿಭೋಜನವೂ

ಇನ್ಶೂರೆನ್ಸ್ ಕಾರ್ಡ್ ಹುಡುಕಲು ಹೋದವಳಿಗೆ ಡ್ರಾಯರಿನಲ್ಲಿ ಸಿಕ್ಕಿದ್ದು ಕಂಪ್ಯೂಟರ್ ಆಟದ, ಗೀರುಬಿದ್ದ ಒಂದು ಸಿ.ಡಿ. ಅದರ ಮೇಲೆ ಒಂದು ಡ್ರ್ಯಾಗನ್ ಇತ್ತು, ಈಗ ಬಾಲವಷ್ಟೇ ಉಳಿದಿದೆ. ನಾಳಿದ್ದು ನನ್ನ ಎಡಗಣ್ಣಿನ ಪೊರೆ ತೆಗೆಯುತ್ತಾರೆ. ಮನೆಗೆ ಕರೆದೊಯ್ಯಲು ಯಾರಾದರೂ ಬರಲೇಬೇಕು, ಒಬ್ಬರೇ ಬಂದರೆ ಆಪರೇಶನ್ ಇಲ್ಲ ಎಂದು ಕ್ಲಿನಿಕ್ಕಿನವರ ಕಟ್ಟಪ್ಪಣೆ. ನಮ್ಮೆಜಮಾನರು ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಾರೆ. ಡಲ್ಲಾಸ್ ಪಕ್ಕದ ಈ ಪ್ಲೇನೋ ಊರಿನಲ್ಲಿ ಇಷ್ಟು ವರ್ಷ ಇದ್ದೂ ಯಾರನ್ನು ಕೇಳುವುದೆಂದು ತಿಳಿಯದೆ, ಆಪರೇಶನ್ನನ್ನೇ ಮುಂದಕ್ಕೆ ಹಾಕೋಣವೆಂದುಕೊಂಡಿದ್ದೆ. ನಗಬೇಡಿ. ಸಹಾಯ ಕೇಳುವುದೆಂದರೆ ನನಗೆ ಮೊದಲಿಂದಲೂ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ.

ಸಿ.ಡಿ. ಶಾಹೀನಳದು. ತೊಂಬತ್ತರ ದಶಕದ ಕೊನೆಗೆ ಹ್ಯೂಸ್ಟನ್ನಿನಲ್ಲಿ ಓದುವಾಗ ನಾವಿಬ್ಬರೂ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅವಳು ಧಾರವಾಡದವಳು, ನಾನು ಮೈಸೂರಿನವಳು. ಭಾನುವಾರ ಬೆಳಿಗ್ಗೆ ಒಗ್ಗರಣೆ ಅವಲಕ್ಕಿಯ ತಟ್ಟೆ ಹಿಡಿದು ಅವಳ ಕಂಪ್ಯೂಟರಿನ ಮುಂದೆ ಕೂತರೆ ರಾಕ್ಷಸರು, ಮಂತ್ರವಾದಿಗಳು, ಗವಿಗಳ ಲೋಕ. ಆಟ ಶುರುವಾಗುವ ಮೊದಲು ನಮ್ಮ ಪಾತ್ರವನ್ನು ನಾವೇ ಕಟ್ಟಬೇಕು. ಕೊಟ್ಟ ಪಾಯಿಂಟುಗಳನ್ನು ಬಲ, ಬುದ್ಧಿ, ಚುರುಕು, ಮಾತು ಎಂದು ಹಂಚಬೇಕು.

ಹಂಚುವುದು ನನಗೆ ಹೇಳಿಕೊಡಬೇಕೇ? ಮದುವೆಮನೆಯಲ್ಲಿ ನಮ್ಮಜ್ಜಿ ನನ್ನ ಕೈಗೆ ಹಪ್ಪಳದ ಬುಟ್ಟಿ ಕೊಟ್ಟು, "ಪಂಕ್ತಿಭೇದ ಮಾಡಬೇಡ, ಎಲ್ಲರಿಗೂ ಒಂದೇ ಸಮ" ಎಂದು ಕಲಿಸಿದವರು. ಬಲಕ್ಕೆ ರಾಶಿ ಬಡಿಸಿ ಬುದ್ಧಿಯ ಎಲೆಯನ್ನು ಖಾಲಿ ಬಿಡಲು ಮನಸ್ಸು ಬರುತ್ತದೆಯೇ? ಎಲ್ಲಕ್ಕೂ ಸಮನಾಗಿ ಬಡಿಸಿದೆ. ಹೀಗೆ ಹುಟ್ಟಿದ ನನ್ನ ವೀರವನಿತೆ ಮೊದಲ ಗವಿಯಲ್ಲೇ ಹೆಗ್ಗಣ ಕಚ್ಚಿ ಸತ್ತಳು. ಕತ್ತಿ ಬೀಸಿದರೆ ತಾಗದು, ಮಂತ್ರ ಹಾಕಿದರೆ ಹತ್ತದು. ಮತ್ತೊಬ್ಬಳನ್ನು ಕಟ್ಟಿದಾಗಲೂ ಹಾಗೇ ಹಂಚಿದೆ, ಹೆಗ್ಗಣವೂ ಹಾಗೇ ಕಾದಿತ್ತು.

ಶಾಹೀನಳ ಮಾಟಗಾತಿಗೋ ಬುದ್ಧಿಯೇ ಬುದ್ಧಿ. ಬಲ ಮಾತ್ರ ತನ್ನ ಊಟದ ಗಂಟನ್ನು ಹೊರುವಷ್ಟೂ ಇಲ್ಲ. ಅದಕ್ಕೇ ಆಟದೊಳಗಿನ ಛತ್ರದಲ್ಲಿ ಕೂತಿರುತ್ತಿದ್ದ ದಾಂಡಿಗನೊಬ್ಬನನ್ನು ಜೊತೆಗೆ ಕರೆದುಕೊಳ್ಳುತ್ತಿದ್ದಳು. ಅವನು ಮುಂದೆ ನಿಂತು ಪೆಟ್ಟು ತಿನ್ನುವನು, ಇವಳು ಹಿಂದಿನಿಂದ ಬೆಂಕಿ ಎಸೆಯುವಳು.

"ನೀ ಯಾಕ ಯಾರನ್ನೂ ಕರಕೊಳ್ಳಂಗಿಲ್ಲ?" ಎಂದಳು ಒಂದು ದಿನ.

"ನನಗೆ ಎಲ್ಲಾನೂ ಸ್ವಲ್ಪ ಸ್ವಲ್ಪ ಬರತ್ತಲ್ಲ," ಎಂದೆ.

"ಅದಕ್ಕ ಹೆಗ್ಗಣ ಕಚ್ಚಿ ಸಾಯ್ತಿ. ಒಂದು ಕೊರತಿ ಉಳಿಸ್ಕೋಬೇಕವ್ವಾ. ಇಲ್ಲಂದ್ರ ಜೊತಿ ಬಂದವರಿಗೆ ಏನ ಕೆಲಸ?"

ನನಗೆ ಸಿಟ್ಟು ಬಂತು. ಅವಳ ಹತ್ತಿರ ಹಳೆಯದೊಂದು ಕಾರಿತ್ತು. ಹ್ಯೂಸ್ಟನ್ನಿನಲ್ಲಿ ಕಾರಿಲ್ಲದವರ ಪಾಡು ನಾಯಿಪಾಡು, ಆದರೂ ನಾನು ಕೇಳುತ್ತಿರಲಿಲ್ಲ. ಆ ವಾರವೇ ಸುಡುಬಿಸಿಲಲ್ಲಿ ಅಕ್ಕಿಯ ಚೀಲ ಹೊತ್ತು ಬರುತ್ತಿದ್ದಾಗ ಪಕ್ಕದಲ್ಲಿ ಅದೇ ಕಾರು ನಿಂತಿತು.

"ಬಾ, ಹತ್ತು," ಎಂದಳು. ಬೇಡವೆನ್ನಲು ಬಾಯಿ ತೆರೆದೆ. "ನಿನ್ನ ಸಲುವಾಗಿ ಅಲ್ಲ. ನಾಳೆ ಆಸ್ಟಿನ್‌ಗೆ ಹೋಗಬೇಕು, ನನಗ ಮ್ಯಾಪ್ ಓದಾಕ ಬರಂಗಿಲ್ಲ. ನೀ ಬೇಕು."

ಸುಳ್ಳಲ್ಲ. ಎಡ ಎಂದರೆ ಬಲಕ್ಕೆ ತಿರುಗಿಸುವವಳು ಅವಳು. ಆಮೇಲೆ ಆಸ್ಟಿನ್, ಡಲ್ಲಾಸ್ ಎಲ್ಲ ಸುತ್ತಿದೆವು. ಸ್ಟೀರಿಂಗ್ ಹಿಡಿದು ಅವಳು, ಮಡಿಲ ತುಂಬ ಮ್ಯಾಪು ಹರಡಿಕೊಂಡು ನಾನು. ಒಬ್ಬರಿಗೆ ಬೇಕಾದವಳಾಗುವುದು ಎಂಥ ಸುಖವೆಂದು ನನಗೆ ತಿಳಿದದ್ದು ಆ ಸೀಟಿನಲ್ಲಿ ಕೂತಾಗಲೇ.

ಶಾಹೀನ್ ಈಗ ಇಲ್ಲಿಗೆ ಹತ್ತಿರದ ಇರ್ವಿಂಗಿನಲ್ಲಿದ್ದಾಳೆ. ಹಬ್ಬಕ್ಕೆ ಬಿರಿಯಾನಿ ಕಳಿಸುತ್ತಾಳೆ, ನಾನು ಅದೇ ಡಬ್ಬಿಗೆ ಮೈಸೂರುಪಾಕು ತುಂಬಿ ಹಿಂದಿರುಗಿಸುತ್ತೇನೆ. ಅಲ್ಲೂ ಸಮ ಸಮ. ಅವಳು ನನಗೆ ಕೊಟ್ಟ ಆ ಸುಖವನ್ನು ಮಾತ್ರ ನಾನು ಅವಳಿಗೆ ಇನ್ನೂ ಕೊಟ್ಟಿಲ್ಲವೆಂದು ಇವತ್ತು ಈ ಸಿ.ಡಿ. ಹಿಡಿದು ಕೂತಾಗ ಹೊಳೆಯಿತು. ಫೋನು ಎತ್ತಿಕೊಂಡೆ.

"ಶಾಹೀನ್, ನಾಳಿದ್ದು ನಂಗೆ ಕಣ್ಣಿನ ಆಪರೇಶನ್. ಡ್ರೈವ್ ಮಾಡೋಕಾಗಲ್ಲ. ನೀನು ಬೇಕು ಕಣೇ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು.

"ಬರ್ತೀನಿ. ದಾರಿ ನೀ ಹೇಳಬೇಕು."

"ಈಗ ಫೋನೇ ಹೇಳತ್ತಲ್ಲೇ!"

"ಅದರ ಮಾತು ನಾ ಕೇಳಂಗಿಲ್ಲ. ಆಪರೇಶನ್ ಒಂದ ಕಣ್ಣಿಗೆ ಹೌದಿಲ್ಲೋ? ಇನ್ನೊಂದು ತೆರಕೊಂಡು ಕೂಡು."