ಬಾಗಿಲ ಕಡೆ ಮುಖ

ಮೊದಲು ಕಂಡದ್ದು ಎಂಟಾಣೆಯಷ್ಟಗಲದ ಒಂದು ಕೆಂಪು ಕಲೆ. ಅತ್ತೆಯವರ ಬಲ ಸೊಂಟದ ಮೇಲೆ. ಒತ್ತಿ ನೋಡಿದೆ. ಕೆಂಪು ಹೋಗಲಿಲ್ಲ.

ಸ್ಟ್ರೋಕ್ ಆಗಿ ಅವರ ಬಲಭಾಗ ಸ್ವಾಧೀನ ತಪ್ಪಿತ್ತು, ಮಾತೂ ಹೋಗಿತ್ತು. ವಾಡಿಯ ನಮ್ಮ ಮನೆಯಲ್ಲಿ ಅವರನ್ನು ಎತ್ತಿ ಹೊರಳಿಸಲು ನನ್ನೊಬ್ಬಳ ಶಕ್ತಿ ಸಾಲದೆ, ಶಹಾಬಾದಿನ ಒಂದು ನರ್ಸಿಂಗ್ ಹೋಮಿನಲ್ಲಿ ಇಟ್ಟಿದ್ದೆವು. ದಿನಾ ಮಧ್ಯಾಹ್ನದ ಬಸ್ಸಿಗೆ ಹೋಗಿ ಸಂಜೆಯವರೆಗೆ ಕೂತಿರುತ್ತಿದ್ದೆ.

ಕಲೆ ಒಡೆದು ಹುಣ್ಣಾಯಿತು. ಡಾಕ್ಟರು ಬೆಡ್‌ಸೋರ್ ಎಂದರು. ಏರ್‌ಬೆಡ್ ಬಂತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವ ಚಾರ್ಟು ಗೋಡೆಗೆ ಬಂತು. ಒಂದೂವರೆ ತಿಂಗಳಿಗೆ ಮಾಯಿತು.

ಮತ್ತೆ ಬಂತು. ಅದೇ ಜಾಗದಲ್ಲಿ.

ಈ ಸಲ ಆಳವಾಗಿತ್ತು. ಮೂಳೆಗೆ ತಾಕಿದರೆ ಕಷ್ಟ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಚಾರ್ಟಿನಲ್ಲಿ ಮಾತ್ರ ಗುರುತುಗಳೆಲ್ಲ ಸರಿಯಾಗಿದ್ದವು. ಬಲ, ಎಡ, ಬಲ, ಎಡ. ಆಯಾ ಶಾಂತಾಬಾಯಿಯನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಆಗಷ್ಟೇ ಅಲ್ಲಿ ಆರೈಕೆ ಸುಧಾರಿಸುವ ಕಾರ್ಯಕ್ರಮ ಶುರುವಾಗಿತ್ತು. ಅದನ್ನು ವಹಿಸಿಕೊಂಡ ಹೊಸ ಸಿಸ್ಟರ್ ಯಾರನ್ನೂ ಗದರಿಸಲಿಲ್ಲ. ಎರಡು ದಿನ ಸ್ಟೂಲು ಹಾಕಿಕೊಂಡು ವಾರ್ಡಿನಲ್ಲೇ ಕೂತು ನೋಡಿದರು. ಮೂರನೆಯ ದಿನ ನನ್ನನ್ನೂ ಶಾಂತಾಬಾಯಿಯನ್ನೂ ಕರೆದು, ಮಧ್ಯಾಹ್ನ ಚಾರ್ಟಿನಲ್ಲಿ ಎಡ ಎಂದಿದೆ, ಅಜ್ಜಿ ಮಾತ್ರ ಬಲಕ್ಕೇ ಇರುತ್ತಾರಲ್ಲ ಎಂದು ಕೇಳಿದರು.

ಶಾಂತಾಬಾಯಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಹೇಳಿದರು: "ಎಡಕ್ಕ ಮಾಡಿದ್ರ ಗ್ವಾಡಿ ಕಡಿ ಮಾರಿ ಆಗ್ತದ್ರಿ. ಸೊಸಿ ಅಷ್ಟು ದೂರದಿಂದ ಬರ್ತಾರ, ಅವರಿಗಿ ಬೆನ್ನು ತೋರಸ್ಬೇಕೇನ್ರಿ? ಅಕ್ಕೋರೇ ಹೇಳ್ಯಾರ, ಅತ್ತಿ ಮಾರಿ ಬಾಗಲ ಕಡಿ ಇರ್ಲಿ ಅಂತ."

ಹೇಳಿದ್ದು ನಾನೇ.

ಮೊದಲ ವಾರವೇ ಹೇಳಿದ್ದೆ. ಮನೆಗೆ ಬಂದವರಿಗೆ ಬೆನ್ನು ಮಾಡುವುದು ಅತ್ತೆಗೆ ಆಗದ ಮಾತು. ರೊಟ್ಟಿ ಬಡಿಯುವಾಗಲೂ ಬಾಗಿಲಿಗೆ ಮುಖ ಮಾಡಿಯೇ ಕೂರುತ್ತಿದ್ದರು. ನಾನು ಬರುವ ಮೊದಲೇ ಬಲಕ್ಕೆ ಹೊರಳಿಸಿಟ್ಟರೆ, ನಾನು ಏಳುವವರೆಗೆ ಶಾಂತಾಬಾಯಿ ಮುಟ್ಟುತ್ತಿರಲಿಲ್ಲ. ಅತ್ತೆಯ ಕೈ ಹಿಡಿದು ನಾನು ಸಮಾಧಾನದಿಂದ ಕೂತಿದ್ದ ಆ ನಾಲ್ಕೈದು ತಾಸೂ ಇಡೀ ಮೈಭಾರ ಆ ಒಂದು ಜಾಗದ ಮೇಲೇ ಇತ್ತು.

"ತಪ್ಪು ನಂದೂ ಅದರಿ," ಎಂದೆ.

"ಮಂಚದ್ದೂ ಅದ. ಗ್ವಾಡಿಗಿ ಅಂಟಕೊಂಡು ಕುಂತದಲ್ಲ," ಎಂದರು ಸಿಸ್ಟರ್. ಶಾಂತಾಬಾಯಿ ಅಳುತ್ತಲೇ ನಕ್ಕರು.

ಅವತ್ತೇ ಮಂಚವನ್ನು ಗೋಡೆಯಿಂದ ಎಳೆದು, ಆ ಬದಿಗೂ ಒಂದು ಕುರ್ಚಿ ಇಟ್ಟರು. ಗೋಡೆಯ ಚಾರ್ಟನ್ನೂ ದಾರ ಕಟ್ಟಿದ ಪೆನ್ನನ್ನೂ ಮಂಚಕ್ಕೇ ಇಳಿಬಿಟ್ಟರು. ಹೊರಳಿಸಿದ ಮೇಲೆಯೇ ಗುರುತು ಹಾಕಬೇಕು.

ಹುಣ್ಣು ಇನ್ನೂ ಪೂರ್ತಿ ಮಾಯ್ದಿಲ್ಲ. ಅಂಚು ಗುಲಾಬಿಗೆ ತಿರುಗಿದೆ. ವಾಸನೆ ಹೋಗಿದೆ. ಅಷ್ಟಕ್ಕೇ ದೇವರಿಗೆ ಕೈಮುಗಿಯುತ್ತೇನೆ.

ಈಗ ಒಳಗೆ ಹೋದಾಗ ಎಷ್ಟೋ ದಿನ ಅವರ ಬೆನ್ನೇ ಕಾಣುತ್ತದೆ. ಚಪ್ಪಲಿ ಬಿಟ್ಟು, ಮಂಚ ಸುತ್ತಿ ಆ ಕಡೆಯ ಕುರ್ಚಿಗೆ ಹೋಗುತ್ತೇನೆ. ನನ್ನ ಹೆಜ್ಜೆ ಗೊತ್ತಿದೆ ಅವರಿಗೆ. ನಾನು ಕೂರುವಷ್ಟರಲ್ಲಿ ಕಣ್ಣು ತೆರೆದಿರುತ್ತಾರೆ.